ಸಾವನದುರ್ಗ ಹತ್ತುವ ಮುನ್ನ ಮೊಬೈಲಿನಲ್ಲಿ ಏನು ನೋಡಬೇಕು?

ಕಳೆದ ವರ್ಷ ಮೇ ತಿಂಗಳಲ್ಲಿ ನಾವು ಐದು ಜನ ಗೆಳೆಯರು ಸಾವನದುರ್ಗಕ್ಕೆ ಹೋಗಿದ್ದೆವು. ಮೊಬೈಲ್ ನೋಡಿ "ಬಿಸಿಲಿದೆ, ಬನ್ರೋ" ಎಂದವನು ನಾನೇ. ಬಂಡೆ ಹತ್ತಲು ಶುರು ಮಾಡಿದಾಗ 11 ಗಂಟೆ ದಾಟಿತ್ತು. ತುದಿಯ ನಂದಿ ಮಂಟಪದ ಹತ್ತಿರ ಫೋಟೊ ತೆಗೆದುಕೊಳ್ಳುವಷ್ಟರಲ್ಲಿ ಮೋಡ ಕವಿಯಿತು, ಇಳಿಯುವಾಗ ಮಳೆ ಹಿಡಿಯಿತು. ಒಣಗಿದ್ದಾಗ ಕಾಲಿಗೆ ಚೆನ್ನಾಗಿ ಹಿಡಿತ ಕೊಡುವ ಆ ಬಂಡೆ, ಒದ್ದೆಯಾದರೆ ಎಣ್ಣೆ ಸವರಿದ ಹಾಗೆ. ಕುಳಿತು ತೆವಳಿಕೊಂಡೇ ಇಳಿದೆವು. ಆದರೂ ಒಬ್ಬ ಜಾರಿ ಮಣಿಕಟ್ಟು ಮುರಿದುಕೊಂಡ. ಸಂಜೆ ಅವನ ಅಮ್ಮಿಯ ಎದುರು ನಿಂತು "ಮೊಬೈಲ್ ನೋಡಿಕೊಂಡೇ ಹೋಗಿದ್ವಿ ಆಂಟಿ" ಎಂದೆ. "ಏನು ನೋಡ್ದೆ ಬೇಟಾ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ನಾನು ನೋಡಿದ್ದು ಪದ್ಮನಾಭನಗರದ ಹವಾಮಾನ, ಅದೂ ಬೆಳಗಿನ ಚಿತ್ರ. ಆಮೇಲೆ ಭೂಗೋಳ ಪುಸ್ತಕ ಹಿಡಿದು ಕುಳಿತೆ, ಉಪನ್ಯಾಸಕರನ್ನೂ ಕಾಡಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರು. ಸಾವನದುರ್ಗ ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಆದ್ದರಿಂದ ಮಾಗಡಿಯ ಮುನ್ಸೂಚನೆ ನೋಡಬೇಕು. ಹವಾಮಾನ ಇಲಾಖೆ ಜಿಲ್ಲಾವಾರು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಇಲ್ಲೊಂದು ತಮಾಷೆಯ ಗೊಂದಲವಿದೆ. 2025ರಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟರು. ಪದ್ಮನಾಭನಗರದವರಾದ ನಾವು ಅದನ್ನು ನಮ್ಮ ಬಡಾವಣೆ ಕಡೆಯದು ಎಂದುಕೊಳ್ಳುತ್ತೇವೆ. ಅಲ್ಲ, ಮಾಗಡಿ ಸೇರಿರುವುದು ಆ ಜಿಲ್ಲೆಗೇ.

ಎರಡನೆಯದು ಎತ್ತರ. ಸಮುದ್ರ ಮಟ್ಟದಿಂದ ಮಾಗಡಿ ಪಟ್ಟಣ ಸುಮಾರು 925 ಮೀಟರ್, ಸಾವನದುರ್ಗದ ತುದಿ 1226 ಮೀಟರ್. ಪ್ರತಿ 1000 ಮೀಟರಿಗೆ 6.5 ಡಿಗ್ರಿ ಉಷ್ಣತೆ ಇಳಿಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. 300 ಮೀಟರಿಗೆ ಲೆಕ್ಕ ಹಾಕಿದರೆ ಎರಡೇ ಡಿಗ್ರಿ. ಅಂದರೆ ಇಂಥ ಸಣ್ಣ ಬೆಟ್ಟದಲ್ಲಿ ಚಳಿಯ ಚಿಂತೆ ಬೇಡ, ಸ್ವೆಟರ್ ಹೊರುವುದು ದಂಡ. ಚಿಂತೆ ಮಾಡಬೇಕಾದದ್ದು ಮೋಡ, ಮಳೆ, ಸಿಡಿಲಿನ ಬಗ್ಗೆ.

ಮೋಡಕ್ಕೆ ಒಂದು ಸುಲಭ ಲೆಕ್ಕವಿದೆ, ನನಗೆ ತುಂಬ ಇಷ್ಟವಾದದ್ದು ಇದೇ. ಹವಾಮಾನದ ಆ್ಯಪ್‌ಗಳಲ್ಲಿ ಉಷ್ಣತೆಯ ಜೊತೆ ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಬಿಂದು, ಕೊಟ್ಟಿರುತ್ತಾರೆ. ಗಾಳಿಯಲ್ಲಿನ ಆವಿ ನೀರಾಗತೊಡಗುವ ಉಷ್ಣತೆ ಅದು. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ, ನೆಲದಿಂದ ಎಷ್ಟು ಮೀಟರ್ ಮೇಲೆ ಮೋಡದ ತಳ ಇರಬಹುದು ಎಂಬ ಅಂದಾಜು ಸಿಗುತ್ತದೆ. ಮಾಗಡಿಯಲ್ಲಿ 22 ಡಿಗ್ರಿ, ಇಬ್ಬನಿ ಬಿಂದು 20 ಇದ್ದರೆ 250 ಮೀಟರ್. 925ಕ್ಕೆ ಕೂಡಿಸಿ: 1175. ತುದಿ 1226ರಲ್ಲಿದೆ, ಅಂದರೆ ಮೋಡ ಇದ್ದರೆ ಅದರೊಳಗೇ. ದಾರಿ ತೋರಿಸುವ ಬಾಣದ ಗುರುತು ಕಾಣುವುದಿಲ್ಲ, ಬಂಡೆಯೂ ಹಸಿಯಾಗಿರುತ್ತದೆ.

ಇನ್ನು ಮಳೆ. '40% ಮಳೆ' ಎಂದರೆ ದಿನದ 40 ಭಾಗ ಮಳೆ ಎಂದಲ್ಲ. ಇಂಥ 100 ದಿನಗಳಲ್ಲಿ 40 ದಿನ ಮಳೆ ಬರುತ್ತದೆ ಎಂದರ್ಥ. ಅದಕ್ಕಿಂತ ಮುಖ್ಯ, ಯಾವ ಗಂಟೆಗೆ ಎಂಬುದು. ಏಪ್ರಿಲ್–ಮೇ ತಿಂಗಳಲ್ಲಿ ನೆಲ ಕಾದು, ತೇವದ ಗಾಳಿ ಮೇಲೇರಿ, ಗುಡುಗು ಮಳೆ ಸುರಿಯುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಆದ್ದರಿಂದ "ಇವತ್ತು ಮಳೆ ಬರುತ್ತಾ?" ಎಂದು ಕೇಳುವುದಕ್ಕಿಂತ "ಮಳೆ ಬರುವ ಹೊತ್ತಿಗೆ ನಾನು ಬೆಟ್ಟದ ಯಾವ ಭಾಗದಲ್ಲಿ ಇರುತ್ತೇನೆ?" ಎಂದು ಕೇಳಬೇಕು. ಗಂಟೆವಾರು ಮುನ್ಸೂಚನೆ ತೆರೆದು ಇಳಿಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಹತ್ತುವ ಎರಡು ಗಂಟೆಯನ್ನಷ್ಟೇ ಎಣಿಸಿದ್ದೆವು.

ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ. ಬೆಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಭೌತಶಾಸ್ತ್ರವೇ ಗತಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ತಕ್ಷಣ ಇಳಿಯಿರಿ. ನಾಲ್ಕೂ ಕಡೆ ತೆರೆದಿರುವ ಕಲ್ಲಿನ ಮಂಟಪ ಮಳೆಗೆ ಆಸರೆಯಾಗಬಹುದು, ಸಿಡಿಲಿಗಲ್ಲ. ಒಂಟಿ ಮರವಂತೂ ಬೇಡವೇ ಬೇಡ.

ಈ ವರ್ಷ ಮೇ ತಿಂಗಳಲ್ಲಿ ಅದೇ ಐವರು ಮತ್ತೆ ಹೋದೆವು. ಆ ಅಮ್ಮಿಗೆ ಹಿಂದಿನ ರಾತ್ರಿಯೇ ಲೆಕ್ಕ ಬರೆದ ಕಾಗದ ತೋರಿಸಿ ಒಪ್ಪಿಗೆ ಪಡೆದೆ. ಅರಣ್ಯ ಇಲಾಖೆಯ ಅನುಮತಿಯನ್ನೂ ಮೊದಲೇ ವಿಚಾರಿಸಿಕೊಂಡಿದ್ದೆವು. ಫಜ್ರ್ ಮುಗಿಸಿ ಹೊರಟು 7ಕ್ಕೆ ಬುಡದಲ್ಲಿದ್ದೆವು. 22 ಮತ್ತು 20 ಡಿಗ್ರಿ, ತುದಿ ನಿಜಕ್ಕೂ ಮೋಡದಲ್ಲಿ ಮುಚ್ಚಿತ್ತು. ಕಾದೆವು. ದರ್ಗಾಕ್ಕೆ ಹೋಗಿ ಬಂದು ಚಹಾ ಕುಡಿದೆವು. ಎಂಟೂವರೆಗೆ 25 ಮತ್ತು 20 ಆಯಿತು: ಈಗ ಮೋಡದ ತಳ 1550 ಮೀಟರ್. ತಲೆ ಎತ್ತಿದರೆ ತುದಿ ಸ್ಪಷ್ಟ. ಬಂಡೆ ಆರಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ಹತ್ತಿದೆವು.

ಎಲ್ಲಿದ್ದರೂ ಹತ್ತೂವರೆಗೆ ಹಿಂತಿರುಗುವುದು ಎಂದು ಮೊದಲೇ ಮಾತಾಗಿತ್ತು. ಆ ಹೊತ್ತಿಗೆ ಮಂಟಪ ಎದುರಿಗೇ ಕಾಣುತ್ತಿತ್ತು, ಇನ್ನು ಹದಿನೈದು ನಿಮಿಷದ ದಾರಿ. ಮಣಿಕಟ್ಟು ಮುರಿದುಕೊಂಡಿದ್ದವನೇ "ಹೋಗೇಬಿಡೋಣ" ಎಂದ. ನಾನು ಒಪ್ಪಲಿಲ್ಲ. ಮುನಿಸಿಕೊಂಡೇ ಇಳಿದ. ಜುಹರ್ ನಮಾಜಿನ ಹೊತ್ತಿಗೆ ಕೆಳಗಿದ್ದೆವು.

ಅಂದು ಮಳೆ ಬರಲೇ ಇಲ್ಲ. ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ "ಏನು ವಿಜ್ಞಾನಿ, ಮಳೆ ಎಲ್ಲಿ?" ಎಂದು ಅವನು ಇವತ್ತಿಗೂ ರೇಗಿಸುತ್ತಾನೆ. ಮುನ್ಸೂಚನೆ 40% ಇತ್ತು ಕಣೋ, ನಾವು ಹೋದದ್ದು ಉಳಿದ 60ರಲ್ಲಿ ಒಂದು ದಿನ ಎನ್ನುತ್ತೇನೆ.