ಪಂಚಾಯಿತಿ ಕಚೇರಿಯ ರೂಟರ್: ಐ.ಪಿ. ವಿಳಾಸ ಹಂಚಿಕೆ ಮತ್ತು ವಿಳಾಸ ಪರಿವರ್ತನೆ



ನಾನು ಈ ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ಕೆಲಸದ ಕಂಪ್ಯೂಟರಿನ ಅಂತರ್ಜಾಲ ಸಂಪರ್ಕವು ಪದೇ ಪದೇ ಕಡಿತಗೊಳ್ಳುತ್ತಿತ್ತು. ನಮೂನೆ-9 ಪಡೆಯಲು ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಹನ್ನೊಂದು ದಿನ ನಾವೆಲ್ಲರೂ ಕೇಬಲ್ ಮಾರ್ಗವನ್ನೇ ದೂಷಿಸಿದೆವು. ಪರಿಶೀಲಿಸಿದಾಗ ಆ ಕಂಪ್ಯೂಟರಿಗೂ ಹೊಸ ಪ್ರಿಂಟರಿಗೂ ಒಂದೇ ಐ.ಪಿ. ವಿಳಾಸವಿರುವುದು ಕಂಡುಬಂದಿತು. ದೋಷ ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು.

ವಿಳಾಸ ಎಂದರೇನು?

ಒಂದೇ ಗ್ರಾಮದ ಎರಡು ಮನೆಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಟಪಾಲು ತಪ್ಪುವಂತೆಯೇ ಇದೂ ಸಹ. ಐ.ಪಿ. ವಿಳಾಸವು ಚುಕ್ಕಿಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳನ್ನು ಹೊಂದಿರುತ್ತದೆ. ಪ್ರತಿ ಸಂಖ್ಯೆಯೂ 0 ರಿಂದ 255 ರೊಳಗಿರುತ್ತದೆ. ಈ ಕ್ರಮದಲ್ಲಿ ದೊರೆಯುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಇದು ಸಾಲದು. ಆದ್ದರಿಂದ 192.168 ಎಂದು ಆರಂಭವಾಗುವ ವಿಳಾಸಗಳೂ ಸೇರಿದಂತೆ ಕೆಲವು ಶ್ರೇಣಿಗಳನ್ನು ಕಚೇರಿ ಮತ್ತು ಮನೆಗಳ ಒಳಬಳಕೆಗೆ ಮೀಸಲಿಡಲಾಗಿದೆ. ಇವು ಹೊರಗಿನ ಅಂತರ್ಜಾಲದಲ್ಲಿ ಚಲಾವಣೆಯಾಗುವುದಿಲ್ಲ.

ವಿಳಾಸ ಪರಿವರ್ತನೆ (ನ್ಯಾಟ್)

ರೂಟರಿಗೆ ಹೊರಗಿನಿಂದ ಸಾಮಾನ್ಯವಾಗಿ ದೊರೆಯುವುದು ಒಂದೇ ವಿಳಾಸ. ಕಚೇರಿಯ ಎಲ್ಲ ಸಾಧನಗಳೂ ಅದನ್ನೇ ಹಂಚಿಕೊಳ್ಳುತ್ತವೆ. ನಮ್ಮ ಆವಕ-ಜಾವಕ ವಹಿಯನ್ನು ನೆನಪಿಸಿಕೊಳ್ಳಿ. ಯಾವ ಮೇಜಿನಿಂದ ಪತ್ರ ಹೊರಟರೂ ಅದರ ಮೇಲೆ ಪಂಚಾಯಿತಿಯ ವಿಳಾಸ ಮತ್ತು ಜಾವಕ ಸಂಖ್ಯೆ ಇರುತ್ತದೆ. ಉತ್ತರ ಬಂದಾಗ ಆ ಸಂಖ್ಯೆ ನೋಡಿ ಸಂಬಂಧಿಸಿದ ಮೇಜಿಗೆ ತಲುಪಿಸಲಾಗುತ್ತದೆ. ರೂಟರ್ ಸಹ ಪ್ರತಿ ಸಂಪರ್ಕಕ್ಕೆ ಪೋರ್ಟ್ ಸಂಖ್ಯೆಯೊಂದನ್ನು ದಾಖಲಿಸಿಕೊಂಡು ಉತ್ತರವನ್ನು ಸರಿಯಾದ ಕಂಪ್ಯೂಟರಿಗೆ ತಲುಪಿಸುತ್ತದೆ. ದಾಖಲೆಯಿಲ್ಲದೆ ಹೊರಗಿನಿಂದ ಬರುವ ಕೋರಿಕೆ ಸಾಮಾನ್ಯವಾಗಿ ಒಳಗಿನ ಸಾಧನವನ್ನು ತಲುಪುವುದಿಲ್ಲ.

ಹೊಂದಿಸುವ ಕ್ರಮ

1. ರೂಟರಿನ ಒಳವಿಳಾಸವನ್ನು 192.168.1.1 ಎಂದೂ, ಸಬ್‌ನೆಟ್ ಮಾಸ್ಕ್ ಅನ್ನು 255.255.255.0 ಎಂದೂ ಇರಿಸುವುದು.
2. ಪ್ರಿಂಟರ್ ಮತ್ತು ಸಿಸಿಟಿವಿಯಂತಹ ಖಾಯಂ ಸಾಧನಗಳಿಗೆ 192.168.1.2 ರಿಂದ 192.168.1.50 ರೊಳಗೆ ಸ್ಥಿರ ವಿಳಾಸ ನೀಡುವುದು.
3. ಕಂಪ್ಯೂಟರ್, ಮೊಬೈಲ್‌ಗಳಿಗೆ ರೂಟರ್ ತಾನಾಗಿಯೇ ವಿಳಾಸ ಹಂಚುವ ಡಿ.ಎಚ್.ಸಿ.ಪಿ. ವ್ಯವಸ್ಥೆಯ ಶ್ರೇಣಿಯನ್ನು 192.168.1.100 ರಿಂದ 192.168.1.200 ಕ್ಕೆ ಮಿತಿಗೊಳಿಸುವುದು. ನಮ್ಮ ಪ್ರಿಂಟರಿನ ವಿಳಾಸವು ಈ ಹಂಚಿಕೆಯ ಶ್ರೇಣಿಯೊಳಗೇ ಇದ್ದದ್ದು ತೊಂದರೆಗೆ ಕಾರಣವಾಗಿತ್ತು.
4. ನ್ಯಾಟ್ ಚಾಲನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಾಯಿಸುವುದು.

ಕಚೇರಿಯ ಸಿಸಿಟಿವಿಯನ್ನು ಮನೆಯಿಂದಲೇ ಮೊಬೈಲಿನಲ್ಲಿ ನೋಡುವ ಸಲುವಾಗಿ ರೂಟರಿನ ಪೋರ್ಟ್ ತೆರೆಯಿಸಬಾರದು. ಹಾಗೆ ತೆರೆದ ಬಾಗಿಲು ಅಪರಿಚಿತರಿಗೂ ತೆರೆದಿರುತ್ತದೆ. ಮತ್ತೊಂದು ವೈಫೈ ರೂಟರನ್ನು ತಿಳಿಯದೆ ಜೋಡಿಸಿದರೆ ಅದೂ ವಿಳಾಸ ಹಂಚತೊಡಗಿ ಗೊಂದಲವಾಗುತ್ತದೆ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ರೂಟರನ್ನು ಸದಸ್ಯರೇ ಹೊಂದಿಸಬೇಕಾಗಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯ ವಿಚಾರಿಸಿದರೆ ಸಾಕು: ಯಾವ ಸಾಧನಕ್ಕೆ ಯಾವ ವಿಳಾಸವಿದೆ ಎಂಬ ಪಟ್ಟಿ ಕಚೇರಿಯಲ್ಲಿದೆಯೇ? ರೂಟರಿನ ಪಾಸ್‌ವರ್ಡ್ ಬದಲಾಗಿದೆಯೇ, ಅದು ಯಾರ ಸುಪರ್ದಿಯಲ್ಲಿದೆ? ಸಿಬ್ಬಂದಿ ವರ್ಗಾವಣೆಯಾದಾಗ ಇವೆರಡೂ ಪ್ರಭಾರ ಪಟ್ಟಿಯಲ್ಲಿ ಸೇರುತ್ತವೆಯೇ? ಒಂದು ಹಾಳೆಯ ಈ ಪಟ್ಟಿ ನಮ್ಮಲ್ಲಿ ಇದ್ದಿದ್ದರೆ ಆ ಹನ್ನೊಂದು ದಿನಗಳ ಅಲೆದಾಟ ಗ್ರಾಮಸ್ಥರಿಗೆ ತಪ್ಪುತ್ತಿತ್ತು.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ