ಗ್ಲುಕೋಮೀಟರ್ ಪಟ್ಟಿಗೂ ಆರೈಕೆ ಬೇಕು

ಕೊಚ್ಚಿಯಲ್ಲಿ ನೆಲೆಸಿರುವ ನಮ್ಮವರಿಗೆ ಮನೆಯ ಗ್ಲುಕೋಮೀಟರ್ ಬಗ್ಗೆ ಒಂದು ಮಾತು. ಅದರ ಪಟ್ಟಿಯ ತುದಿಯಲ್ಲಿ ಕಿಣ್ವವಿದೆ. ರಕ್ತದ ಗ್ಲೂಕೋಸ್ ಅದಕ್ಕೆ ತಾಗಿದಾಗ ಹುಟ್ಟುವ ಪುಟ್ಟ ಕರೆಂಟನ್ನೇ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಅಳೆದು ಅಂಕಿ ತೋರಿಸುತ್ತದೆ.

ಈ ಕಿಣ್ವಕ್ಕೆ ತೇವವೂ ಆಗದು, ಬಿಸಿಯೂ ಆಗದು. ಕೊಚ್ಚಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಡಲೇಬೇಡಿ. ಪಟ್ಟಿಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮಾವಿನ ಹಣ್ಣು ಹೆಚ್ಚಿದ ಕೈಯಾದರೆ ಸ್ಯಾನಿಟೈಸರ್ ಸಾಲದು. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಚುಚ್ಚಿ. ಬೆರಳಿಗೆ ಅಂಟಿದ ರಸವೇ ಶುಗರ್ ಏರಿಸಿ ತೋರಿಸುತ್ತದೆ. ರಕ್ತಹೀನತೆ ಇದ್ದರೂ ಅಂಕಿ ನಿಜಕ್ಕಿಂತ ಮೇಲೆ ಹೋಗಬಹುದು.

ಐಎಸ್‌ಒ 15197 ಎಂಬ ಗ್ಲುಕೋಮೀಟರ್ ನಿಖರತೆಯ ಮಾನದಂಡವೇ ಶೇ 15ರಷ್ಟು ವ್ಯತ್ಯಾಸ ಒಪ್ಪುತ್ತದೆ. ಲ್ಯಾಬಿನ 200 ಇಲ್ಲಿ 170 ಆಗಬಹುದು, 230 ಕೂಡ ಆಗಬಹುದು. ಒಂದು ಅಂಕಿ ನೋಡಿ ನೀವೇ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ.

ಶುಗರ್ ಮಾತ್ರವಲ್ಲ, ಬೆರಳ ಹನಿಯಿಂದಲೇ ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ ಹೇಳುವ ಯಂತ್ರಗಳೂ ಬಂದಿವೆ. ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ 1990ರಲ್ಲಿ ಮೊದಲ ಸಲ ಜೋಡಿಸಿದ ದೇಶೀ ಹೃದಯಕವಾಟದಂಥದ್ದನ್ನು ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಿಗೆ ಇವು ದೊಡ್ಡ ಅನುಕೂಲ. ಆಸ್ಪತ್ರೆಗೆ ತಪಾಸಣೆಗೆಂದು ಹೊರಟಾಗ ನಿಮ್ಮ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅಲ್ಲಿನ ಲ್ಯಾಬ್ ವರದಿಯ ಜೊತೆ ಹೋಲಿಸಿ, ವೈದ್ಯರಿಗೆ ಎರಡನ್ನೂ ತೋರಿಸಿ.