ಸಲಹೆಗೆ ಬೇಕಾದದ್ದು ಉತ್ತರ

ಗೋಡೆಗೆ ನೇತುಹಾಕಿದ ಸಲಹಾ ಪೆಟ್ಟಿಗೆಯ ಮೇಲೆ ನನಗೆ ನಂಬಿಕೆಯಿಲ್ಲ. ಪೀಣ್ಯದಲ್ಲಿ ಯಂತ್ರಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿಯುತ್ತಾ ಬಂದ ಮೇಲೆ ಹುಟ್ಟಿದ ಮಾತಿದು. ಹಿಂದೆ ನಾನಿದ್ದ ಕಡೆ ಪೆಟ್ಟಿಗೆಯ ಬೀಗ ತಿಂಗಳಿಗೊಮ್ಮೆ ತೆಗೆಯುತ್ತಿದ್ದರು, ಚೀಟಿಗಳು ಫೈಲ್ ಸೇರುತ್ತಿದ್ದವು. ಬರೆದವನಿಗೆ ಹೌದು ಎಂಬ ಉತ್ತರವೂ ಇಲ್ಲ, ಆಗಲ್ಲ ಎಂಬ ಉತ್ತರವೂ ಇಲ್ಲ. ಬರೆಯುವುದು ನಿಂತಾಗ 'ನಮ್ಮವರಿಗೆ ಆಸಕ್ತಿಯಿಲ್ಲ' ಎಂದರು ಮೇಲಿನವರು. ಅದೇ ಜನ ಟೀ ಹೊತ್ತಿನಲ್ಲಿ ಯಾವ ಮೆಷಿನ್‌ಗೆ ಏನು ಮಾಡಬೇಕೆಂದು ಜೋರಾಗಿ ವಾದಿಸುತ್ತಿದ್ದರು.

ಈಗಿರುವಲ್ಲಿ ಒಂದು ಫ್ಲೇಂಜ್‌ಗೆ ತೂತು ಕೊರೆಯುವ ಕೆಲಸವಿದೆ. ಎರಡು ಮುಖವೂ ನೋಡಲು ಒಂದೇ. ಗುರುತು ಎಂದರೆ ಅಂಚಿನಲ್ಲಿ, ಮಧ್ಯದಿಂದ ಸ್ವಲ್ಪ ಪಕ್ಕಕ್ಕಿರುವ ಸಣ್ಣ ಕಚ್ಚು. ರಾತ್ರಿ ಪಾಳಿಯಲ್ಲಿ ಉಲ್ಟಾ ಕೂರಿಸಿದರೆ ಪೀಸ್ ನೇರ ಗುಜರಿಗೆ. 'ಎಚ್ಚರಿಕೆಯಿಂದ ಕೂರಿಸಿ' ಎಂಬ ಫಲಕ ಹಾಕಿದ್ದೂ ಆಗಿತ್ತು. ಒಂದು ದಿನ ಆಪರೇಟರ್ ಹೇಳಿದ: "ಸಾರ್, ಕಚ್ಚು ಬರೋ ಜಾಗಕ್ಕೆ ಫಿಕ್ಸ್ಚರ್‌ನಲ್ಲಿ ಒಂದು ಪಿನ್ ಹಾಕ್ಸಿ. ಉಲ್ಟಾ ಇಟ್ರೆ ಪೀಸು ಕೂರೋದೇ ಇಲ್ಲ."

ಅವನನ್ನೇ ಕರೆದುಕೊಂಡು ಟೂಲ್ ರೂಮಿಗೆ ಹೋದೆ. ಪಿನ್ ಬುಡದಲ್ಲಿ ಲೋಹದ ಚೂರು ಸೇರಿಕೊಂಡರೆ ಪೀಸ್ ಎತ್ತರಕ್ಕೆ ಕೂರುತ್ತದಲ್ಲ ಎಂದು ಅಲ್ಲಿನವರು ಕೇಳಿದರು. ನೆಲದ ಮೇಲೆ ಚಾಕ್‌ನಿಂದ ಗೀಚಿ, ಬುಡದ ಸುತ್ತ ಸಣ್ಣ ಕಾಲುವೆ ಬಿಡಿ ಎಂದ ಆಪರೇಟರ್. ಉಲ್ಟಾ ಪೀಸಿನ ಕಾಟ ಅಲ್ಲಿಗೆ ಮುಗಿಯಿತು. ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲಿ 'ಪೊಕಾ ಯೋಕೆ' ಎಂದು ಹೆಸರಿಟ್ಟು ಹರಡಿದ್ದು ಇದೇ ವಿಧಾನ. ನಮ್ಮ ಹುಡುಗ ಆ ಹೆಸರು ಕೇಳಿರಲಿಲ್ಲ. ದಿನವಿಡೀ ಆ ಪೀಸನ್ನು ಕೈಯಲ್ಲಿ ಹಿಡಿದವನು ಅವನು, ಅಷ್ಟು ಸಾಕಾಯಿತು.

ಅಂದಿನಿಂದ ಸಲಹೆಗೆ ಫಾರಂ ತುಂಬಿಸುವುದನ್ನು ಬಿಟ್ಟೆವು. ಬಾಯಲ್ಲಿ ಹೇಳಿದರೆ ಸಾಕು, ಬರೆದುಕೊಳ್ಳುವುದು ಸೂಪರ್‌ವೈಸರ್ ಕೆಲಸ. ನಮ್ಮಲ್ಲಿ ರಾಯಚೂರಿನವರೂ ಇದ್ದಾರೆ, ಒಡಿಶಾದವರೂ ಇದ್ದಾರೆ. ಇಂಗ್ಲಿಷ್ ಫಾರಂ ಮುಂದಿಟ್ಟರೆ ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಉತ್ತರ ವಾರದೊಳಗೆ ಬರಬೇಕು. ಆಗದಿದ್ದರೆ ಯಾಕೆ ಆಗದು ಎಂಬುದನ್ನು ಸಲಹೆ ಕೊಟ್ಟವನ ಮೆಷಿನ್ ಹತ್ತಿರವೇ ಹೋಗಿ ಹೇಳಬೇಕು. ಕಾರಣ ತಿಳಿದವನು ಮತ್ತೊಂದು ಸಲಹೆ ತರುತ್ತಾನೆ.

ಟೊಯೋಟದ ಎಯ್ಜಿ ಟೊಯೋಡ 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಿ ಬಂದರು. ಅಲ್ಲಿ ಕಂಡದ್ದರ ಮಾದರಿಯಲ್ಲಿ 1951ರಲ್ಲಿ ಅವರ ಕಂಪನಿಯಲ್ಲಿ ಸಲಹಾ ಪದ್ಧತಿ ಶುರುವಾಯಿತು. ಇಂದು ಪೀಣ್ಯದ ಸಣ್ಣ ಶೆಡ್ಡುಗಳಲ್ಲೂ 'ಕೈಜೆನ್' (ನಿರಂತರ ಸುಧಾರಣೆ) ಬೋರ್ಡ್ ಕಾಣುತ್ತದೆ. ಎಷ್ಟೋ ಕಡೆ ಅದರ ಮೇಲಿನ ಫೋಟೊಗಳು ಬಣ್ಣಗೆಟ್ಟಿರುತ್ತವೆ. ಬೋರ್ಡ್ ತಂದವರು ಉತ್ತರ ಕೊಡುವ ಶಿಸ್ತನ್ನು ತರಲಿಲ್ಲ.

ಇದಕ್ಕಿಂತ ಆಳದಲ್ಲಿರುವುದು ಭಯ. ಇಬ್ಬರ ಕೆಲಸ ಒಬ್ಬನಿಂದ ಆಗುವ ಉಪಾಯ ಹೇಳಿದರೆ ಪಕ್ಕದವನ ಅನ್ನಕ್ಕೆ ಕಲ್ಲು ಬಿದ್ದೀತು ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಅಳುಕು ನ್ಯಾಯವಾದದ್ದು. ಸಲಹೆಯಿಂದ ಯಾರ ಕೆಲಸವೂ ಹೋಗದು ಎಂದು ಮಾಲೀಕರಿಂದಲೇ ಎಲ್ಲರೆದುರು ಹೇಳಿಸಿದೆ. ಆಮೇಲೆ ಒಂದು ಸಲಹೆಯಿಂದ ಪ್ಯಾಕಿಂಗ್‌ನಲ್ಲಿ ಉಳಿದ ಕೈಯನ್ನು ತಪಾಸಣೆಗೆ ಹಾಕಿ ತರಬೇತಿ ಕೊಟ್ಟೆವು. ಜನ ಭಾಷಣ ನಂಬಲಿಲ್ಲ, ಅದನ್ನು ನೋಡಿ ನಂಬಿದರು.

ಸದ್ಯ ನಾನು ಹಿಡಿದಿರುವ ಹಠ ಗುತ್ತಿಗೆ ಕಾರ್ಮಿಕರ ಪರವಾಗಿ. ಸಲಹೆಗೆ ಕೊಡುವ ಬಹುಮಾನ ಕಾಯಂ ನೌಕರರಿಗೆ ಮಾತ್ರ ಎಂಬ ನಿಯಮವಿದೆ. ಲೋಡಿಂಗ್, ಕ್ಲೀನಿಂಗ್ ಎಲ್ಲ ಗುತ್ತಿಗೆಯವರೇ ಮಾಡುವುದು, ಪೋಲಾಗುವುದು ಮೊದಲು ಕಾಣುವುದೂ ಅವರಿಗೇ. ಬಹುಮಾನ ಅವರಿಗೂ ಸಿಗಬೇಕು, ಹಣ ಗುತ್ತಿಗೆದಾರನ ಬಿಲ್ಲಿಗೆ ಸೇರದೆ ನೇರ ಅವರ ಖಾತೆಗೆ ಹೋಗಬೇಕೆಂದು ಕೇಳಿದ್ದೇನೆ. ಲೆಕ್ಕಪತ್ರ ವಿಭಾಗ ಇನ್ನೂ ಒಪ್ಪಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಎತ್ತುತ್ತೇನೆ.